ಮಜ್ಜಿಗೆಗೆ ಮುಂಚಿನ ಲೆಕ್ಕ

ನಮ್ಮ ಮನೆಯಲ್ಲಿ ಅಣ್ಣನಿಗೆ ಮಜ್ಜಿಗೆ ಪುಕ್ಕಟೆ ಸಿಗುತ್ತಿರಲಿಲ್ಲ. ಸಾರು, ಹುಳಿ ಎಲ್ಲ ಮುಗಿದು, ಎಲೆಗೆ ಕೊನೆಯ ಸಲ ಅನ್ನ ಬಿದ್ದು, ಅದರ ನಡುವೆ ಗುಂಡಿ ಮಾಡಿಕೊಂಡು ಅವನು ಕೂತಿರುವ ಹೊತ್ತಿಗೆ ಅಪ್ಪಯ್ಯ ಒಂದು ಬಾಯಿಲೆಕ್ಕ ಹಾಕುತ್ತಿದ್ದರು. ಉತ್ತರ ಸರಿಯಾದರೆ ಮಜ್ಜಿಗೆ. ತಪ್ಪಿದರೆ ಒಣ ಅನ್ನವನ್ನು ಹಾಗೇ ಬಿಟ್ಟು ಏಳಬೇಕು. ಮಜ್ಜಿಗೆ ಇಲ್ಲದೆ ಎಲೆಯಿಂದ ಏಳುವುದೆಂದರೆ ನಮ್ಮ ಕಡೆ ಊಟವೇ ಆಗಲಿಲ್ಲವೆಂದು ಲೆಕ್ಕ. ಅಪ್ಪಯ್ಯನ ಎದುರು, ಬಂದ ನೆಂಟರ ಎದುರು ಹಾಗೆ ಏಳುವುದು ಪೆಟ್ಟು ತಿನ್ನುವುದಕ್ಕಿಂತ ದೊಡ್ಡ ಅವಮಾನ. ಅಣ್ಣ ಮುಂದೆ ಬ್ಯಾಂಕಿನಲ್ಲಿ ಎಷ್ಟು ಮೇಲೆ ಹೋದ, ಅವನಿಗೆ ಎಷ್ಟು ಶಾಲು ಹೊದಿಸಿದರು ಎಂಬುದನ್ನೆಲ್ಲ ಬೇರೆಯವರು ಬರೆದಿದ್ದಾರೆ. ಅವನ ಸನ್ಮಾನದ ಪುಸ್ತಕದಲ್ಲಿ ಈ ಮಜ್ಜಿಗೆಯ ಲೆಕ್ಕದ ವಿಷಯವೂ ಇದೆ. ಬಾಲ್ಯದ ಶಿಸ್ತು ಎಂದು ಬರೆದಿದ್ದಾರೆ. ಬಡಿಸಿದವರು ಯಾರು ಎಂದು ಬರೆದಿಲ್ಲ. ಏಳನೇ ಕ್ಲಾಸು ಓದಿದವಳು ನಾನು, ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಸಾಗರದ ಪೇಟೆಯಲ್ಲಿ ನಮ್ಮದಕ್ಕೆ ಬಸ್ಸಿನ ಮನೆ ಎಂದೇ ಹೆಸರು. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಓಡುವ ಮೂರು ಬಸ್ಸು ಅಪ್ಪಯ್ಯನವು. ಬೀದಿಗೆ ಮುಖ ಮಾಡಿದ ಉದ್ದ ಜಗುಲಿ, ಅದರ ಪಕ್ಕ ಎರಡು ಕೋಣೆ. ಒಂದರಲ್ಲಿ ಟಯರು, ಗ್ರೀಸಿನ ಡಬ್ಬ. ಇನ್ನೊಂದರಲ್ಲಿ ಟಿಕೇಟು ಪುಸ್ತಕದ ಕಟ್ಟುಗಳು. ದೇವರ ಕೋಣೆಯ ಬಾಗಿಲ ಪಕ್ಕದ ಗೂಟಕ್ಕೆ ಕಂಡಕ್ಟರುಗಳ ಚರ್ಮದ ಚೀಲ ತೂಗುತ್ತಿದ್ದವು. ಚರ್ಮ ಅಲ್ಲಿ ಬೇಡವೆಂದು ಅಮ್ಮ ವರ್ಷಗಟ್ಟಲೆ ಹೇಳಿದಳು. ಲಕ್ಷ್ಮಿ ಬರುವುದು ಅದರಲ್ಲೇ ಎಂದು ಅಪ್ಪಯ್ಯ ಕೇಳಲಿಲ್ಲ. ನಾವು ಊದುಬತ್ತಿಯ ಜೊತೆ ಡೀಸೆಲಿನ ವಾಸನೆಯನ್ನೂ ಕುಡಿದು ಬೆಳೆದವರು. ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸು ತಿರುಗಿ ಬಂದು, ಮನೆಯೆದುರು ರಬ್ಬರಿನ ಹಾರನ್ನು ಎರಡು ಸಲ ಒತ್ತಿದ ಮೇಲೆಯೇ ನಮ್ಮಲ್ಲಿ ಮಧ್ಯಾಹ್ನದ ಎಲೆ ಹಾಕುವುದು. ಅಪ್ಪಯ್ಯ ಮತ್ತು ಅಣ್ಣ ಕೂರುತ್ತಿದ್ದರು. ಅಮ್ಮ ಒಲೆಯ ಹತ್ತಿರ. ಒಂಬತ್ತನೇ ವಯಸ್ಸಿನಿಂದ ಬಡಿಸುವವಳು ನಾನು. ಅವರಿಬ್ಬರೂ ಎದ್ದ ಮೇಲೆ ನಾವಿಬ್ಬರು ಹೆಂಗಸರು ಅಡುಗೆಮನೆಯಲ್ಲಿ ತಿನ್ನುತ್ತಿದ್ದೆವು. ನಮಗೆ ಮಜ್ಜಿಗೆಗೆ ಲೆಕ್ಕವಿರಲಿಲ್ಲ. ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಣ್ಣ ಶ್ರೀಪಾದ ನನಗಿಂತ ನಾಲ್ಕು ವರ್ಷ ದೊಡ್ಡವನು. ದಡ್ಡನೆಂದು ಹೇಳಲಾರೆ, ಮಾತು ಚೆನ್ನಾಗಿತ್ತು, ಅಕ್ಷರ ಮುತ್ತಿನ ಹಾಗಿತ್ತು, ಯಾರ ಹತ್ತಿರ ಹೇಗೆ ನಗಬೇಕೆಂದು ಹುಟ್ಟುವಾಗಲೇ ಕಲಿತು ಬಂದಿದ್ದ. ಲೆಕ್ಕ ಮಾತ್ರ ಹತ್ತುತ್ತಿರಲಿಲ್ಲ. ಅವನನ್ನು ಜಗುಲಿಯ ಕಂಬಕ್ಕೆ ಒರಗಿಸಿ ಅಪ್ಪಯ್ಯ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಕೂಗಿ ಹೇಳಿಸುತ್ತಿದ್ದರು. ಅವನು ಕೂಗುವುದು, ಅದು ನನ್ನ ತಲೆಯಲ್ಲಿ ಕೂರುವುದು. ಅಕ್ಕಿ ಆರಿಸುತ್ತಾ ಕೂತವಳಿಗೆ ಬಂದುಬಿಟ್ಟಿತು. ಆಮೇಲೆ ಹರಿದ ಟಿಕೇಟು ಪುಸ್ತಕಗಳ ಹಿಂಬದಿಯಲ್ಲಿ ಅವನ ಲೆಕ್ಕದ ಪುಸ್ತಕದ ಪ್ರಶ್ನೆಗಳನ್ನು ನಾನೇ ಮಾಡಿ ನೋಡುತ್ತಿದ್ದೆ. ಯಾರೂ ಬೇಡ ಅನ್ನಲಿಲ್ಲ. ಯಾರೂ ನೋಡಲೂ ಇಲ್ಲ.

ಸೌಟಿನ ಉಪಾಯ ಹುಟ್ಟಿದ್ದು ತಂಗಿಯ ಪ್ರೀತಿಯಿಂದ ಅಂತ ಯಾರೂ ತಿಳಿಯಬಾರದು. ಮಜ್ಜಿಗೆ ಸಿಗದ ದಿನ ಅಣ್ಣ ನನ್ನ ತೋಳಿನ ಒಳಬದಿ ಹಿಡಿದು ಚಿವುಟುತ್ತಿದ್ದ, ಬಟ್ಟೆ ಮುಚ್ಚುವ ಕಡೆ. ಅದನ್ನು ತಪ್ಪಿಸಿಕೊಳ್ಳಲು ನಾನೇ ಕಂಡುಕೊಂಡದ್ದು. ಮಜ್ಜಿಗೆಯ ಹಿತ್ತಾಳೆ ಪಾತ್ರೆಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಸಂಡಿಗೆಯ ಸಣ್ಣ ಬುಟ್ಟಿಯನ್ನು ಮುಂಗೈಗೆ ತೂಗುಹಾಕಿಕೊಂಡು ನಾನು ನಿಂತಿರುತ್ತಿದ್ದೆ. ಸೌಟನ್ನು ಪಾತ್ರೆಯ ಕಂಠಕ್ಕೆ ಒಮ್ಮೆ ತಟ್ಟಿದರೆ ಹತ್ತು. ಎಲೆಗೆ ಒಂದು ಸಂಡಿಗೆ ಬಿದ್ದರೆ ಒಂದು. ಹದಿನಾಲ್ಕು ಟಿಕೇಟು, ತಲೆಗೆ ಆರಾಣೆ, ಒಟ್ಟು ಎಷ್ಟಾಣೆ ಎಂದು ಅಪ್ಪಯ್ಯ ಕೇಳಿದರೆ ನಾನು ಸೌಟಿಗೆ ಅಂಟಿದ ಮಜ್ಜಿಗೆ ಕೊಡವುವ ಹಾಗೆ ಎಂಟು ಸಲ ತಟ್ಟಿ, ಬಗ್ಗಿ ನಾಲ್ಕು ಸಂಡಿಗೆ ಹಾಕುತ್ತಿದ್ದೆ. ಅಣ್ಣ ಮೇಲೆ ನೋಡಿ, ಲೆಕ್ಕ ಮಾಡಿದವನ ಹಾಗೆ ತುಟಿ ಅಲ್ಲಾಡಿಸಿ, ಎಂಬತ್ತನಾಲ್ಕು ಅನ್ನುತ್ತಿದ್ದ. ಆ ತುಟಿ ಅಲ್ಲಾಡಿಸುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅದು ಅವನ ಸ್ವಂತದ್ದು.

ಇದರಿಂದ ಒಂದು ತಮಾಷೆಯೂ ಆಯಿತು. ಅಣ್ಣನಿಗೆ ಸಂಡಿಗೆ ಎಂದರೆ ಆಗುತ್ತಿರಲಿಲ್ಲ, ಗಂಟಲು ಕೆರೆಯುತ್ತಿತ್ತು. ಆದರೆ ದಿನಾ ಆರು, ಏಳು, ಒಂಬತ್ತು ಸಂಡಿಗೆ ತಿನ್ನುವುದನ್ನು ನೋಡಿದ ನೆಂಟರೆಲ್ಲ ಶ್ರೀಪಾದನಿಗೆ ಸಂಡಿಗೆ ಎಂದರೆ ಪ್ರಾಣ ಎಂದು ತೀರ್ಮಾನ ಮಾಡಿದರು. ಅವನು ದೊಡ್ಡ ಸಾಹೇಬನಾಗಿ ಬೆಂಗಳೂರಿನಲ್ಲಿದ್ದಾಗಲೂ ಊರಿನಿಂದ ಹೋದವರು ಡಬ್ಬ ಡಬ್ಬ ಸಂಡಿಗೆ ಹೊತ್ತೇ ಹೋಗುತ್ತಿದ್ದರು. ಅವನು ನಕ್ಕು ತೆಗೆದುಕೊಳ್ಳುತ್ತಿದ್ದ. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತಲ್ಲ.

ನಾನೂ ಸಾಚಾ ಏನಲ್ಲ. ಹತ್ತನೇ ವಯಸ್ಸಿನಲ್ಲಿ ಒಮ್ಮೆ ಬೇಕೆಂದೇ ಒಂದು ತಟ್ಟು ಹೆಚ್ಚು ತಟ್ಟಿದೆ. ಅರವತ್ತಮೂರು ಬರಬೇಕಾದಲ್ಲಿ ಎಪ್ಪತ್ತಮೂರು ಅಂದ. ಅಪ್ಪಯ್ಯ ಎಡಗೈಯಲ್ಲಿ ಬಾಗಿಲು ತೋರಿಸಿದರು. ಅವನು ಏಳುವಾಗ ನನ್ನನ್ನು ನೋಡಿದ ನೋಟಕ್ಕೆ ನನಗೆ ಒಳಗೊಳಗೇ ಹಿತವಾಯಿತು. ಸಂಜೆ ತೋಳು ನೀಲಿಗಟ್ಟಿತು, ಅದು ಬೇರೆ ಮಾತು. ಈ ಮನೆಯಲ್ಲಿ ನನ್ನಿಂದಲೂ ಏನೋ ಒಂದು ನಡೆಯುತ್ತದೆ ಎಂದು ತಿಳಿದದ್ದು ಆವತ್ತೇ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಾ ಒಂದೇ ಮಾತು ಹೇಳಿದಳು.

"ಸೌಟು ಮೆಲ್ಲಗೆ ತಟ್ಟೇ ಗಿರ್ಜೆ. ಒಳಗೆ ಒಲೆ ಹತ್ರ ಕೂತ ನಂಗೂ ಕೇಳ್ತದೆ."

ಅಣ್ಣ ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದ ವರ್ಷವೇ ನಾನು ಏಳನೇ ಕ್ಲಾಸು ಮುಗಿಸಿದೆ. ಲೆಕ್ಕದಲ್ಲಿ ಶಾಲೆಗೇ ಮೊದಲು. ಟೀಚರು ಹೈಸ್ಕೂಲಿನ ಅರ್ಜಿಯನ್ನು ತಾವೇ ತಂದು ನನ್ನ ಕೈಯಲ್ಲಿ ತುಂಬಿಸಿದರು. ಉಳಿದದ್ದು ಕೆಳಗಡೆ ಒಂದು ಗೆರೆ, ಅಪ್ಪಯ್ಯನ ಸಹಿ. ಕೇಳಲು ನನಗೆ ಧೈರ್ಯವಿರಲಿಲ್ಲ. ಅರ್ಜಿಯನ್ನು ಸಂಡಿಗೆ ಡಬ್ಬದ ಕೆಳಗೆ ಇಟ್ಟುಕೊಂಡು ದಿನ ಎಣಿಸುತ್ತಿದ್ದೆ. ಅದೇ ಹೊತ್ತಿಗೆ ಘಟ್ಟದ ಕೆಳಗಿನ ಬ್ಯಾಂಕೊಂದು ಸಾಗರದಲ್ಲಿ ಶಾಖೆ ತೆರೆಯಲು ಜಾಗ ಹುಡುಕುತ್ತಿತ್ತು. ನಮ್ಮ ಜಗುಲಿ ಪಕ್ಕದ ಎರಡು ಕೋಣೆಯ ಮೇಲೆ ಅವರ ಕಣ್ಣು ಬಿತ್ತು. ಮೆನೇಜರು ಒಂದು ಭಾನುವಾರ ಊಟಕ್ಕೆ ಬರುತ್ತಾರೆ, ಗುಮಾಸ್ತನ ಕೆಲಸಕ್ಕೆ ಹುಡುಗನನ್ನೂ ಪರೀಕ್ಷೆ ಮಾಡುತ್ತಾರೆ ಎಂದು ಅಪ್ಪಯ್ಯ ಹೇಳಿದರು. ಅಣ್ಣನ ಮುಖ ಬಿಳಿಚಿತು. ಮರುದಿನ ಬಚ್ಚಲ ಹತ್ತಿರ ನನ್ನನ್ನು ಹಿಡಿದ. ಚಿವುಟಲು ಬಂದನೆಂದು ತೋಳು ಹಿಂದಕ್ಕೆ ಎಳೆದುಕೊಂಡೆ.

"ಹೆದರ್ಬೇಡ ಮಾರಾಯ್ತಿ. ಆವತ್ತೊಂದಿನ ನನ್ನ ಪಾರು ಮಾಡು."

"ನಂಗೆ ಎಂತ ಕೊಡ್ತೀಯ?"

"ಎಂತ ಬೇಕು? ರಿಬ್ಬನ್ನಾ?"

"ಹೈಸ್ಕೂಲು. ಅಪ್ಪಯ್ಯನ ಹತ್ರ ನೀನೇ ಅರ್ಜಿಗೆ ಸಹಿ ಹಾಕಿಸ್ಬೇಕು."

ಅವನು ತುಳಸಿಕಟ್ಟೆ ಮುಟ್ಟಿ ಆಣೆ ಮಾಡಿದ. ನಾನು ನಂಬಿದೆ. ಹದಿಮೂರು ವರ್ಷ, ನಂಬದೆ ಎಂತ ಮಾಡಲಿ.

ಮೆನೇಜರು ಕುಂದಾಪುರದ ಕಡೆಯವರು. ದಪ್ಪ ಕನ್ನಡಕ, ಬಿಳಿ ಅಂಗಿ, ಮಾತು ಕಡಿಮೆ, ತಿನ್ನುವುದು ನಿಧಾನ. ಅಮ್ಮ ನಾಲ್ಕು ಬಗೆ ಪಲ್ಯ, ಎರಡು ಪಾಯಸ ಮಾಡಿದ್ದಳು. ಬೆಳಗಿನಿಂದ ನನ್ನ ಹೊಟ್ಟೆಗೆ ಒಂದು ಲೋಟ ಕಾಫಿ ಬಿಟ್ಟು ಬೇರೆ ಬಿದ್ದಿರಲಿಲ್ಲ. ಊಟ ಮಜ್ಜಿಗೆಯ ಹಂತಕ್ಕೆ ಬಂದಾಗ ಅಪ್ಪಯ್ಯ ನಮ್ಮ ಮನೆಯ ಪದ್ಧತಿಯನ್ನು ಹೆಮ್ಮೆಯಿಂದ ವಿವರಿಸಿದರು.

"ಇವತ್ತು ಲೆಕ್ಕ ನೀವೇ ಕೇಳಿ. ತಪ್ಪಿದ್ರೆ ಅವನಿಗೆ ಮಜ್ಜಿಗೆ ಇಲ್ಲ, ನಿಮಗೆ ಗುಮಾಸ್ತ ಇಲ್ಲ."

ಮೆನೇಜರು ಕನ್ನಡಕ ಸರಿಮಾಡಿಕೊಂಡರು.

"ಆರ್ನೂರು ರೂಪಾಯಿ. ವರ್ಷಕ್ಕೆ ನೂರಕ್ಕೆ ನಾಲ್ಕು. ಎಂಟು ತಿಂಗಳಿಗೆ ಬಡ್ಡಿ ಎಷ್ಟಾತ್ತಪ್ಪಾ?"

ನಾನು ಒಮ್ಮೆ ತಟ್ಟಿದೆ. ಆರು ಸಂಡಿಗೆ ಹಾಕಿದೆ. ಅಣ್ಣ ಮೇಲೆ ನೋಡಿ ತುಟಿ ಅಲ್ಲಾಡಿಸಿ ಹದಿನಾರು ಅಂದ.

"ಒಂಬೈನೂರು. ಅದೇ ದರ. ಒಂಬತ್ತು ತಿಂಗಳು."

ಎರಡು ತಟ್ಟು. ಏಳು ಸಂಡಿಗೆ. ಏಳನೆಯದು ಎಲೆಯ ಅಂಚಿಗೆ ಬಿದ್ದು ಕೆಳಗೆ ಹೊರಳಿತು. ಅಣ್ಣ ಅದನ್ನು ನೋಡುತ್ತಾ ಕೂತ. ಎಣಿಸಬೇಕೋ ಬೇಡವೋ ಎಂದು ಅವನಿಗೆ ಗೊತ್ತಾಗುತ್ತಿಲ್ಲ ಎಂದು ನನಗೆ ಗೊತ್ತಾಯಿತು. ನನ್ನ ಹೈಸ್ಕೂಲು ಆ ಬಿದ್ದ ಸಂಡಿಗೆಯ ಮೇಲೆ ನಿಂತಿತ್ತು. ಬುಟ್ಟಿಯಿಂದ ಇನ್ನೊಂದನ್ನು ತೆಗೆದು, ಆರರ ಪಕ್ಕ ಒತ್ತಿ ಇಟ್ಟೆ.

"ಇಪ್ಪತ್ತೇಳು," ಅಂದ ಅಣ್ಣ.

"ಸಾಕು, ಮಜ್ಜಿಗೆ ಬಡ್ಸಿ," ಅಂದರು ಮೆನೇಜರು.

ಊಟವಾಗಿ ಮೂವರೂ ಜಗುಲಿಗೆ ಹೋದರು. ನಾನು ಎಲೆಅಡಿಕೆಯ ಹರಿವಾಣ ತೆಗೆದುಕೊಂಡು ಹೋದೆ. ಅರ್ಜಿ ಸೊಂಟದಲ್ಲಿತ್ತು. ಅಣ್ಣ ಈಗಲೇ ಮಾತೆತ್ತಿದರೆ ಕೂಡಲೇ ತೆಗೆದು ಕೊಡಬೇಕೆಂದು ಸಿಕ್ಕಿಸಿಕೊಂಡಿದ್ದೆ. ಮೆನೇಜರು ನನ್ನನ್ನು ನೋಡಿ ನಕ್ಕರು.

"ಲೆಕ್ಕ ಮಾಡಿದ್ದು ಹುಡುಗ ಅಲ್ಲ, ಸೌಟು. ಅಲ್ದಾ ಹೆಣ್ಣೇ?"

ನನಗೆ ಭೂಮಿ ಬಾಯಿಬಿಟ್ಟ ಹಾಗಾಯಿತು. ಅಪ್ಪಯ್ಯನ ಮುಖ ನೋಡಿದೆ. ಅವರು ಗೊಳ್ಳೆಂದು ನಗುತ್ತಿದ್ದರು.

"ನಿಮಗೆ ಒಂದೇ ಊಟಕ್ಕೆ ಗೊತ್ತಾಯ್ತಾ? ನಾನು ನಾಲ್ಕು ವರ್ಷದಿಂದ ಕೇಳ್ತಾ ಇದೀನಿ. ನಂಗೆ ಕಿವಿ ಇಲ್ಲ ಅಂತ ಮಾಡ್ಕೊಂಡಿದಾವೆ ಇವು."

"ಗೊತ್ತಿದ್ದೂ ಬಿಟ್ರಾ?"

"ಬಿಡದೆ ಎಂತ? ಗಂಡಸಿಗೆ ಎಲ್ಲ ಲೆಕ್ಕ ತಾನೇ ಬರ್ಬೇಕು ಅಂತ ಇಲ್ಲ. ಯಾರ ಹತ್ರ ಉತ್ತರ ಇದೆ ಅಂತ ಗೊತ್ತಿದ್ರೆ ಸಾಕು. ಅವನಿಗೆ ಅದು ಗೊತ್ತು. ಬದುಕ್ಕೊಳ್ತಾನೆ."

"ಅದು ಹೌದು," ಅಂದರು ಮೆನೇಜರು. "ಅದೂ ಅಲ್ದೆ, ನಿಮ್ಮ ಮನೆ ಹುಡುಗನ್ನ ತಕೊಳ್ಳೋದು ಅಂತ ಮೇಲಿನವರು ಮೊದ್ಲೇ ಹೇಳಿ ಆಗಿತ್ತಲ್ಲ. ಇದೆಲ್ಲ ಸುಮ್ನೆ, ಊಟಕ್ಕೊಂದು ನೆವ."

ಅಣ್ಣನೂ ನಕ್ಕ. ಸಿಕ್ಕಿಬಿದ್ದವನ ನಗೆಯಲ್ಲ, ಗೆದ್ದವರ ಪಂಕ್ತಿಯಲ್ಲಿ ಕೂತವನ ನಗೆ. ಮೂವರು ಗಂಡಸರು ನಗುವ ನಡುವೆ ಹರಿವಾಣ ಹಿಡಿದು ನಿಂತವಳು ನಾನು. ಬಸ್ಸಿನ ಮನೆಯ ಹೆಸರೊಂದೇ ಸಾಕಾಗಿದ್ದ ಕೆಲಸಕ್ಕೆ ನಾನು ಊಟ ಬಿಟ್ಟು ಹದಿಮೂರು ಸಂಡಿಗೆ ಎಣಿಸಿದ್ದೆ. ಬಿದ್ದದ್ದನ್ನು ಸೇರಿಸಿದರೆ ಹದಿನಾಲ್ಕು.

ಮೆನೇಜರಿಗೆ ಏನನ್ನಿಸಿತೋ, ಎಷ್ಟನೇ ಕ್ಲಾಸೆಂದು ಕೇಳಿದರು. ಏಳು ಮುಗಿಯಿತು ಎಂದೆ. ಹೇಳಿ ಅಣ್ಣನ ಕಡೆ ನೋಡಿದೆ. ಅವನು ವೀಳ್ಯದೆಲೆಯ ನಾರು ತೆಗೆಯುತ್ತಿದ್ದ. ಅಷ್ಟು ಶ್ರದ್ಧೆಯಿಂದ ಅವನು ಯಾವ ಪುಸ್ತಕವನ್ನೂ ನೋಡಿದವನಲ್ಲ. ಕಾದೆ. ಎಲೆ ಮುಗಿಯಿತು, ಇನ್ನೊಂದು ಎಲೆ ತೆಗೆದುಕೊಂಡ. ಕೊನೆಗೆ ನಾನೇ ಬಾಯಿಬಿಟ್ಟೆ.

"ಅಪ್ಪಯ್ಯ, ನಂಗೂ ಒಂದು ಲೆಕ್ಕ ಕೇಳಿ. ಸರಿಯಾದ್ರೆ ಹೈಸ್ಕೂಲಿಗೆ ಕಳ್ಸಿ."

ಅಪ್ಪಯ್ಯ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಇಷ್ಟು ವರ್ಷ ಉರಿಯುತ್ತಿರಲಿಲ್ಲ.

"ಹೆಣ್ಣುಮಕ್ಕಳಿಗೆ ಲೆಕ್ಕ ಕೇಳೋ ಪದ್ಧತಿ ಈ ಮನೇಲಿಲ್ಲ ಮಗಾ. ಮೇಳಿಗೆ ಕಡೆಯಿಂದ ನಿನ್ನ ಜಾತಕ ಕೇಳಿದಾರೆ. ಒಳಗೆ ಹೋಗು, ಅಮ್ಮಂಗೆ ಎಲೆ ತೆಗೆಯೋಕೆ ಜನ ಇಲ್ಲ."

ಒಳಗೆ ಬಂದು ಅಣ್ಣನ ಎಲೆ ತೆಗೆದೆ. ಸಂಡಿಗೆಯನ್ನು ಅವನು ಮುಟ್ಟಿಯೇ ಇರಲಿಲ್ಲ. ಕೆಲಸ ಆದ ಮೇಲೆ ತಿನ್ನುವ ಅಗತ್ಯವೇನು? ಅಮ್ಮ ನನ್ನ ಮುಖ ನೋಡಿ, ಎಲ್ಲ ಕೇಳಿಸಿಕೊಂಡವಳ ಹಾಗೆ, ಒಂದು ದೊಡ್ಡ ಲೋಟ ಮಜ್ಜಿಗೆ ಕೊಟ್ಟಳು. ಕುಡಿಯಲಿಲ್ಲ. ಬಾಗಿಲ ಹೊರಗೆ ಚೆಲ್ಲಿದೆ.

ಅಣ್ಣನಿಗೆ ಮೊದಲು ಘಟ್ಟದ ಕೆಳಗೆ ತರಬೇತಿ. ಅವನು ಹೊರಟ ದಿನ ಅಪ್ಪಯ್ಯನ ಬಸ್ಸನ್ನೇ ತೊಳೆಸಿ ಹೂವು ಹಾಕಿದ್ದರು, ತೀರ್ಥಹಳ್ಳಿಯವರೆಗೆ ಅದರಲ್ಲಿ ಹೋಗಿ ಅಲ್ಲಿ ಬೇರೆ ಬಸ್ಸು ಹಿಡಿಯುವುದೆಂದು. ಪೇಟೆಯ ಅರ್ಧ ಜನ ಜಗುಲಿಯಲ್ಲಿ ಸೇರಿದ್ದರು. ನಾನು ಬಸ್ಸಿನ ಆಚೆ ಬದಿಗೆ ಹೋಗಿ ಕಿಟಕಿಯ ಕೆಳಗೆ ನಿಂತೆ.

"ಅಣ್ಣಯ್ಯ, ನೀನು ತುಳಸಿ ಮುಟ್ಟಿ ಹೇಳಿದ್ದೆ."

"ಹೊರಡೋ ಹೊತ್ತಲ್ಲಿ ಎಂತದೇ ನಿಂದು ಅಪಶಕುನದ ಮಾತು?"

"ಅರ್ಜಿ ಕೊಡೋಕೆ ಇನ್ನು ನಾಲ್ಕೇ ದಿನ ಇರೋದು."

"ಇಲ್ಲಿ ಕೊಡು. ಅಲ್ಲಿ ಹೋಗಿ ಅಪ್ಪಯ್ಯಂಗೆ ಕಾಗದ ಬರೀತೀನಿ. ಕಾಗದದಲ್ಲಿ ಆದ್ರೆ ಕೇಳ್ತಾರೆ."

ಕಿಟಕಿಯ ಸರಳಿನ ನಡುವೆ ಅರ್ಜಿ ತೂರಿಸಿದೆ. ಅವನು ತೆಗೆದುಕೊಂಡ. ಹೊಸ ಬಿಳಿ ಪ್ಯಾಂಟು ಹಾಕಿದ್ದ. ಬಸ್ಸಿನ ಹೊರಗೆಲ್ಲ ತೊಳೆದಿದ್ದರು, ಒಳಗಿನ ಸೀಟು ಒರೆಸಲು ಮರೆತಿದ್ದರು. ಅವನು ಸೀಟಿನ ಮೇಲೆ ಕೈಯಾಡಿಸಿದ, ಬೆರಳಿಗೆ ಬಂದ ಧೂಳು ನೋಡಿದ, ಅರ್ಜಿಯನ್ನು ಬಿಚ್ಚಿ ಸೀಟಿನ ಮೇಲೆ ಹಾಸಿ ಅದರ ಮೇಲೆ ಕೂತ. ನನಗೆ ನೋವು ಮಾಡಬೇಕೆಂದು ಮಾಡಿದ್ದಲ್ಲ. ನಾನು ಇನ್ನೂ ಅಲ್ಲೇ ನಿಂತಿದ್ದೇನೆ ಎಂಬುದೇ ಅವನ ತಲೆಯಲ್ಲಿರಲಿಲ್ಲ. ಹಾರನ್ನು ಎರಡು ಸಲ ಒತ್ತಿದರು, ಬಸ್ಸು ಹೊಸನಗರದ ದಾರಿಗೆ ತಿರುಗಿತು.

ಅದಾಗಿ ಮೂರು ವರ್ಷಕ್ಕೆ ನನ್ನನ್ನು ತೀರ್ಥಹಳ್ಳಿ ಹತ್ತಿರದ ಮೇಳಿಗೆಗೆ ಕೊಟ್ಟರು. ನಮ್ಮವರು ಕೆಟ್ಟವರಲ್ಲ, ಒಳ್ಳೆಯವರು ಅನ್ನಿಸಿಕೊಳ್ಳುವಷ್ಟು ಮಾತನ್ನೂ ಆಡಿದವರಲ್ಲ. ಅಣ್ಣ ಗುಮಾಸ್ತನಿಂದ ಆಫೀಸರ, ಆಫೀಸರನಿಂದ ಮೆನೇಜರು, ಆಮೇಲೆ ಹೆಸರು ಹೇಳಲು ನನ್ನ ನಾಲಿಗೆ ಹೊರಳದ ಹುದ್ದೆಗಳು. ಒಮ್ಮೆ ಬೆಂಗಳೂರಿನಲ್ಲಿ ಅವನ ಆಫೀಸು ನೋಡಿದ್ದೇನೆ. ಗಾಜಿನ ಕೋಣೆ, ಉದ್ದ ಮೇಜು, ಸುತ್ತ ಟೈ ಕಟ್ಟಿದವರು. ಯಾರೋ ಏನೋ ಕೇಳಿದರು. ಹಿಂದೆ ನಿಂತಿದ್ದ ಒಬ್ಬಳು ಹುಡುಗಿ ಸದ್ದಿಲ್ಲದೆ ಬಗ್ಗಿ ಒಂದು ಚೀಟಿಯನ್ನು ಅವನ ಮುಂದೆ ಇಟ್ಟಳು. ಅಣ್ಣ ಮೇಲೆ ನೋಡಿದ, ತುಟಿ ಅಲ್ಲಾಡಿಸಿದ, ಒಂದು ಅಂಕೆ ಹೇಳಿದ. ಎಲ್ಲರೂ ತಲೆದೂಗಿದರು. ಗಾಜಿನ ಹೊರಗೆ ಕೂತಿದ್ದ ನನಗೆ ಅಪ್ಪಯ್ಯನ ಮಾತು ಕಿವಿಗೆ ಬಂತು. ಆ ಹುಡುಗಿಯನ್ನು ಕರೆದು ನಿನ್ನ ಹೆಸರೇನು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ರಿಟೈರಾದ ಮೇಲೆ ಅವನು ಒಮ್ಮೆ ಮೇಳಿಗೆಗೆ ಬಂದ. ಅಮ್ಮನ ಸಂಡಿಗೆಯ ರುಚಿ ನನ್ನ ಕೈಯಲ್ಲಿ ಮಾತ್ರ ಉಳಿದಿದೆ ಎಂದು ಬಾಗಿಲಲ್ಲೇ ಹೊಗಳಿದ. ಹೊಗಳುವುದು ಅವನಿಗೆ ಉಸಿರಿನ ಹಾಗೆ ಅಭ್ಯಾಸವಾಗಿತ್ತು. ಮಧ್ಯಾಹ್ನ ನನ್ನ ಮೊಮ್ಮಕ್ಕಳನ್ನು ಎರಡೂ ಪಕ್ಕ ಕೂರಿಸಿಕೊಂಡು ಊಟಕ್ಕೆ ಕೂತ. ಮಜ್ಜಿಗೆಯ ಹೊತ್ತಿಗೆ ಆ ಕತೆ ಶುರುವಾಯಿತು. ನಮ್ಮಪ್ಪಯ್ಯ ಹೀಗೆ ಲೆಕ್ಕ ಕೇಳುತ್ತಿದ್ದರು, ನಾನು ಅನ್ನ ಕಲಸುವುದರೊಳಗೆ ಉತ್ತರ ಹೇಳುತ್ತಿದ್ದೆ, ಒಂದೇ ಒಂದು ದಿನ ತಪ್ಪಿದ್ದು, ನಿಮ್ಮ ಕಾಲದ ಹಾಗೆ ಯಂತ್ರ ಇರಲಿಲ್ಲ, ಎಲ್ಲ ಇಲ್ಲಿ ಎಂದು ಹಣೆ ತಟ್ಟಿ ತೋರಿಸಿದ. ನನ್ನ ಮೊಮ್ಮಗಳು ಬಾಯಿ ತೆರೆದು ಕೇಳುತ್ತಿದ್ದಳು.

ನಾನು ಅಡುಗೆಮನೆಯಿಂದ ಮಜ್ಜಿಗೆ ಪಾತ್ರೆ ಹಿಡಿದು ಬಂದೆ. ಅಮ್ಮನ ಅದೇ ಹಿತ್ತಾಳೆ ಪಾತ್ರೆ. ತವರಿನಿಂದ ನಾನು ಕೇಳಿ ತಂದ ಒಂದೇ ವಸ್ತು. ಬುಟ್ಟಿ ಮುಂಗೈಯಲ್ಲಿತ್ತು. ಅವನ ಎಲೆಯ ಮುಂದೆ ನಿಂತು ಸೌಟನ್ನು ಕಂಠಕ್ಕೆ ನಾಲ್ಕು ಸಲ ತಟ್ಟಿದೆ. ಬಗ್ಗಿ, ಒಂದು, ಎರಡು, ಸಂಡಿಗೆ ಹಾಕಿದೆ.

"ನಲವತ್ತೆರಡು," ಅಂದ ಅಣ್ಣ.

ಅಂದವನೇ ಬಾಯಿ ಮುಚ್ಚಿಕೊಂಡ. ಮೊಮ್ಮಗಳು ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಎಂತ ನಲವತ್ತೆರಡು, ಅಜ್ಜಯ್ಯ? ಯಾರೂ ಲೆಕ್ಕ ಕೇಳ್ಲೇ ಇಲ್ವಲ್ಲ?"

ಅವನು ಎಲೆಯ ಮೇಲಿನ ಅನ್ನದಲ್ಲಿ ಗುಂಡಿ ಮಾಡುತ್ತಾ ಕೂತ. ನಾನು ಪಾತ್ರೆ ಹಿಡಿದುಕೊಂಡು, ಅವನು ಉತ್ತರ ಹೇಳುವವರೆಗೆ ಮಜ್ಜಿಗೆ ಬಡಿಸದೆ ನಿಂತೆ.